ಉಂಗುರದೊಳಗೆ ತೂರಿದ ಮಾತ್ರಕ್ಕೆ ಪಶ್ಮಿನಾ ಆಗಲ್ಲ

ಚಳಿಗಾಲ ಬಂತು ಅಂದರೆ ಒಂದೇ ವಿಡಿಯೋವನ್ನು ಹತ್ತಾರು ಜನ ನನಗೆ ಕಳಿಸುತ್ತಾರೆ. ಒಬ್ಬರು ಬೆರಳಿನ ಉಂಗುರ ತೆಗೆದು, ಅದರೊಳಗೆ ಶಾಲನ್ನು ಸರ್ರನೆ ಎಳೆದು, "ನೋಡಿ, ಅಸಲಿ ಪಶ್ಮಿನಾ!" ಅನ್ನುತ್ತಾರೆ. ಪಶ್ಮಿನಾ ಅಂದರೆ ಮೇಕೆಯ ನವಿರಾದ ಒಳ ಉಣ್ಣೆ. ಈ ಸಲವೂ ಬಂದಿದೆ. ಆದ್ದರಿಂದ ಇವತ್ತಿನ ಜಾಗ ಬಹುಪಾಲು ಅದಕ್ಕೇ ಹೋಗುತ್ತದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಕೋಟಿನ ಮೇಲೆ ದೊಡ್ಡ ಶಾಲು ಇಳಿಬಿಡುವುದೇ ಈಗಿನ ಸ್ಟೈಲ್ ಅಂತ ಒಂದು ಪಶ್ಮಿನಾ ಕೊಂಡೆ. ಉಂಗುರದೊಳಗೆ ಸಲೀಸಾಗಿ ಹೋಯಿತು. ಕುಚ್ಚಿನ ಒಂದೆಳೆ ಸುಟ್ಟರೆ ಕೂದಲು ಸುಟ್ಟ ವಾಸನೆಯೂ ಬಂತು. ಆದರೆ ಎರಡೇ ವಾರಕ್ಕೆ ಕತ್ತಿನ ಹತ್ತಿರ ಸಣ್ಣ ಸಣ್ಣ ಉಂಡೆ ಎದ್ದಿವೆ. ಮೋಸ ಹೋದೆನಾ?

ಉತ್ತರ: ಹೋಗಿರಬಹುದು. ಆದರೆ ನೀವು ಹೇಳಿದ ಮೂರರಲ್ಲಿ ಯಾವುದೂ ಅದಕ್ಕೆ ಸಾಕ್ಷಿಯಲ್ಲ.

ಮೊದಲು ಉಂಗುರ. ಬಟ್ಟೆ ತೆಳ್ಳಗಿದ್ದು ಜಾರುವಂತಿದ್ದರೆ ಉಂಗುರದೊಳಗೆ ಹೋಗೇ ಹೋಗುತ್ತದೆ. ಮರದ ತಿರುಳಿನಿಂದ ಮಾಡುವ ವಿಸ್ಕೋಸ್ ನೂಲಿನ ಸ್ಟೋಲ್ ಇನ್ನೂ ಚೆನ್ನಾಗಿ ಹೋಗುತ್ತದೆ. ಒತ್ತಾಗಿ ನೇಯ್ದ, ಕಸೂತಿ ತುಂಬಿದ ಅಸಲಿ ಪಶ್ಮಿನಾ ಮಾತ್ರ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ! ಅಷ್ಟಕ್ಕೂ "ಉಂಗುರದ ಶಾಲು" ಅಂತ ಹೆಸರಾಗಿದ್ದು ಶಹತೂಷ್. ಅದು ಟಿಬೆಟ್ ಪ್ರಸ್ಥಭೂಮಿಯ ಚಿರು ಎಂಬ ಕಾಡುಪ್ರಾಣಿಯ ಉಣ್ಣೆ. ಚಿರುವನ್ನು ಮೇಕೆಯ ಹಾಗೆ ಹಿಡಿದು ಬಾಚಲು ಆಗಲ್ಲ, ಕೊಂದೇ ಉಣ್ಣೆ ತೆಗೆಯುತ್ತಾರೆ. 1979ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧವಿದೆ. ಭಾರತದಲ್ಲಿ ಅದನ್ನು ಮಾರುವುದೂ ಕೊಳ್ಳುವುದೂ ಅಪರಾಧ. ಯಾರಾದರೂ ದನಿ ತಗ್ಗಿಸಿ "ಇದು ಶಹತೂಷ್ ಮೇಡಂ" ಅಂದರೆ ಅಲ್ಲಿಂದ ಎದ್ದು ಬನ್ನಿ. ಚೌಕಾಸಿಯೂ ಬೇಡ.

ಇನ್ನು ಸುಡುವ ಪರೀಕ್ಷೆ. ಕುರಿಯ ಉಣ್ಣೆ, ಪಶ್ಮಿನಾ, ನಿಮ್ಮ ತಲೆಗೂದಲು, ಮೂರೂ ಕೆರಟಿನ್ ಎಂಬ ಒಂದೇ ಪ್ರೋಟೀನು. ವಾಸನೆ ಬೇರೆಯಾಗುವುದಾದರೂ ಹೇಗೆ? ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ, ವಿಸ್ಕೋಸ್ ಕಾಗದ ಸುಟ್ಟ ವಾಸನೆ ಕೊಡುತ್ತದೆ. ಅಷ್ಟು ಮಾತ್ರ ತಿಳಿಯುತ್ತದೆ. ಪಶ್ಮಿನಾ ಹೆಸರಿನಲ್ಲಿ ಕುರಿ ಉಣ್ಣೆ ಮಾರಿದ್ದರೆ ಬೆಂಕಿಯಿಂದ ಏನೂ ಗೊತ್ತಾಗಲ್ಲ. ಸುಮ್ನೆ ಕುಚ್ಚು ಹಾಳು. ದಯವಿಟ್ಟು ಅಡುಗೆಮನೆಯಲ್ಲಿ ಬಟ್ಟೆ ಸುಡಬೇಡಿ.

ಉಂಡೆಗಳ ವಿಷಯ ಇದಕ್ಕೆ ತದ್ವಿರುದ್ಧ. "ಅಸಲಿಯಾದರೆ ಉಂಡೆ ಏಳಲ್ಲ" ಅನ್ನುವವರು ಅಸಲಿಯನ್ನು ಹೊದ್ದವರಲ್ಲ. ಪಶ್ಮಿನಾದ ಎಳೆ ಸಣ್ಣ, ಉದ್ದವೂ ಕಡಿಮೆ. ಉಜ್ಜಿದಾಗ ತುದಿಗಳು ನೂಲಿನಿಂದ ಹೊರಬಂದು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ನಿಮಗೆ ಕತ್ತಿನ ಹತ್ತಿರವೇ ಎದ್ದಿವೆ ಅಂದರೆ ಅದು ಕೋಟಿನ ಕಾಲರ್ ಕೆಲಸ. ಭುಜದ ಮೇಲೂ ಇದ್ದರೆ ಬ್ಯಾಗಿನ ಪಟ್ಟಿ. ಶಾಲನ್ನು ಮೇಜಿನ ಮೇಲೆ ಹರಡಿ, ಚಿಕ್ಕ ಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ. ಕಿತ್ತರೆ ಜತೆಗೆ ಇನ್ನಷ್ಟು ಎಳೆ ಬರುತ್ತದೆ, ಮತ್ತೆ ಉಂಡೆಯಾಗುತ್ತದೆ.

ಹಾಗಾದರೆ ಗೊತ್ತಾಗುವುದು ಹೇಗೆ? ಇಲ್ಲಿ ನಾನೇ ಒಮ್ಮೆ ಮುಗ್ಗರಿಸಿದ್ದೇನೆ. ಬಟ್ಟೆ ಪರೀಕ್ಷೆಯ ಕೆಲಸಕ್ಕೆ ಸೇರಿದ ಹೊಸತು. ಬೆರಳಿನಲ್ಲಿ ಮುಟ್ಟಿದರೆ ಸಾಕು, ಹೇಳಿಬಿಡುತ್ತೇನೆ ಅನ್ನುವ ಜಂಬ. ಒಂದು ಶಾಲನ್ನು ಮುಟ್ಟಿ ಪಶ್ಮಿನಾ ಅಂತ ಬರೆದೂಬಿಟ್ಟೆ. ಹಿರಿಯ ಸಹೋದ್ಯೋಗಿ ಏನೂ ಮಾತಾಡದೆ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ಎಳೆಯ ಮೇಲೆ ಹಂಚು ಹೊದಿಸಿದ ಹಾಗೆ ಒತ್ತೊತ್ತಾಗಿ ಚಿಪ್ಪುಗಳು. ಕುರಿಯದ್ದು! ಪಶ್ಮಿನಾದ ಚಿಪ್ಪು ತೆಳು, ಒಂದಕ್ಕೊಂದು ದೂರ. ಮೆದು ಮಾಡುವ ರಾಸಾಯನಿಕದಲ್ಲಿ ಅದ್ದಿದ ಸಣ್ಣೆಳೆಯ ಮೆರಿನೋ ಕುರಿಯ ಉಣ್ಣೆ ನನ್ನ ಬೆರಳನ್ನು ಯಾಮಾರಿಸಿತ್ತು. ಅವತ್ತಿನಿಂದ ಮುಟ್ಟಿ ತೀರ್ಪು ಕೊಡುವುದನ್ನು ಬಿಟ್ಟೆ. ಫೋಟೋ ಕಳಿಸಿ "ಅಸಲಿಯಾ?" ಅಂತ ಕೇಳಬೇಡಿ, ಫೋಟೋದಲ್ಲಿ ಚಿಪ್ಪು ಕಾಣಲ್ಲ.

ಲಡಾಖಿನ ಚಾಂಗ್‌ಥಾಂಗ್‌ನಲ್ಲಿ 4,000 ಮೀಟರಿಗಿಂತ ಎತ್ತರದಲ್ಲಿ ಬೆಳೆಯುವ ಮೇಕೆಯ ಒಳ ಉಣ್ಣೆ ಈ ಪಶ್ಮಿನಾ. ಎಳೆಯ ದಪ್ಪ 12ರಿಂದ 16 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ನಮ್ಮ ತಲೆಗೂದಲು ಇದರ ನಾಲ್ಕೈದು ಪಟ್ಟು ದಪ್ಪ. ಇಷ್ಟು ನಾಜೂಕಿನ ಎಳೆ ನೂಲುವ ಯಂತ್ರದ ಎಳೆತ ತಡೆಯುವುದು ಕಷ್ಟ. ಅದಕ್ಕೇ ಯಂತ್ರದಲ್ಲಿ ನೂಲುವ ಹಲವರು ನೈಲಾನ್ ಬೆರೆಸಿ, ನೇಯ್ದ ಮೇಲೆ ಅದನ್ನು ಆಸಿಡ್ಡಿನಲ್ಲಿ ಕರಗಿಸಿ ತೆಗೆಯುತ್ತಾರೆ. ಆಸಿಡ್ ನೈಲಾನನ್ನು ಮಾತ್ರ ಮುಟ್ಟಿ ಸುಮ್ಮನಿರುವುದಿಲ್ಲ, ಪಶ್ಮಿನಾದ ಬಲವನ್ನೂ ಕುಗ್ಗಿಸುತ್ತದೆ. ಅಂಥ ಶಾಲು "100% ಪಶ್ಮಿನಾ" ಅನ್ನುವುದು ಸುಳ್ಳಲ್ಲ, ಆದರೆ ಬೇಗ ಸವೆಯುತ್ತದೆ.

ಮನೆಯಲ್ಲಿ ನೀವು ಮಾಡಬಹುದಾದದ್ದು ಒಂದೇ. ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿಯಿರಿ. ಚರಕದಲ್ಲಿ ನೂತ ನೂಲು ಒಂದೆಡೆ ಕೊಂಚ ದಪ್ಪ, ಒಂದೆಡೆ ಸಣ್ಣ. ಗೆರೆ ಎಳೆದ ಹಾಗೆ ಸಮವಾಗಿದ್ದರೆ ಯಂತ್ರದ್ದು. ಇದೂ ನೂಲಿನ ವಿಷಯ ಹೇಳುತ್ತದೆ, ಪ್ರಾಣಿಯದ್ದಲ್ಲ. ಕಾಶ್ಮೀರದ ಪಶ್ಮಿನಾಕ್ಕೆ 2008ರಿಂದ ಜಿಐ, ಅಂದರೆ ಇಂಥ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಶ್ರೀನಗರದಲ್ಲಿ ಪರೀಕ್ಷೆ ಮಾಡಿ, 16 ಮೈಕ್ರಾನಿನೊಳಗಿನ, ಕೈಯಲ್ಲೇ ನೂತು ನೇಯ್ದ ಶಾಲಿಗೆ ಮಾತ್ರ ಲೇಬಲ್ ಹಾಕುತ್ತಾರೆ. ಜಾಸ್ತಿ ಹಣ ಕೊಡುವುದಾದರೆ ಆ ಲೇಬಲ್ ಕೇಳಿ. ಬಿಲ್ಲಿನಲ್ಲಿ ಯಾವ ಉಣ್ಣೆ, ಎಷ್ಟು ಶೇಕಡ ಅಂತ ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಉತ್ತರ ಸಿಕ್ಕಿತು ಅಲ್ವಾ?

ನಿಮ್ಮದು ಮೆರಿನೋ ಅಂತಲೇ ಆದರೂ ಚಳಿ ಅದನ್ನು ಕೇಳಲ್ಲ. ಚೆನ್ನಾಗಿ ಬೆಚ್ಚಗಿದ್ದರೆ ಹೊದೆಯಿರಿ. ಪಶ್ಮಿನಾದ ಬೆಲೆ ಕೊಟ್ಟಿದ್ದರೆ ಮಾತ್ರ ಲ್ಯಾಬಿಗೆ ಕಳಿಸಿ, ವರದಿ ಹಿಡಿದು ಅಂಗಡಿಗೆ ಹೋಗಿ.

ಪ್ರಶ್ನೆ: ಈ ಚಳಿಗಾಲದ ಟ್ರೆಂಡ್ ಬಣ್ಣ ಯಾವುದು?

ಉತ್ತರ: ನಿಮ್ಮ ಹತ್ತಿರ ಇರುವ ಕೋಟಿಗೆ ಹೊಂದುವುದು.

ಪ್ರಶ್ನೆ: ಸ್ವೆಟರನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಉಂಡೆ ಏಳುವುದೇ ಇಲ್ಲವಂತೆ, ನಿಜವಾ?

ಉತ್ತರ: ಇಲ್ಲ. ಸ್ವೆಟರ್ ತಣ್ಣಗಾಗುತ್ತದೆ.

ಪ್ರಶ್ನೆ: ಉಣ್ಣೆ ಬಟ್ಟೆಯ ನಡುವೆ ಎಷ್ಟು ನುಸಿಗುಳಿಗೆ ಹಾಕಬೇಕು?

ಉತ್ತರ: ಒಂದೂ ಬೇಡ. ನನ್ನದು ಅತಿ ಎಚ್ಚರ ಅಂತ ಮನೆಯವರೂ ಬೈಯುತ್ತಾರೆ, ಬೈಯಲಿ. ಯುರೋಪಿನಲ್ಲಿ ನ್ಯಾಫ್ತಲೀನಿನ ಗುಳಿಗೆಯನ್ನು 2008ರಲ್ಲೇ ನಿಷೇಧಿಸಿದ್ದಾರೆ. ಮಕ್ಕಳು ಪೆಪ್ಪರ್‌ಮಿಂಟ್ ಅಂತ ಬಾಯಿಗೆ ಹಾಕಿಕೊಂಡರೆ ಏನು ಗತಿ? ಉಣ್ಣೆ ತಿನ್ನುವುದು ಹಾರಾಡುವ ಪತಂಗವಲ್ಲ, ಅದರ ಮರಿಹುಳ. ಬೆವರು, ಸಾರಿನ ಕಲೆ ಇರುವ ಜಾಗ ಅದಕ್ಕೆ ಬಲು ಇಷ್ಟ. "ಒಂದೇ ಸಲ ಹೊದ್ದಿದ್ದು, ಏನೂ ಆಗಿಲ್ಲ" ಅಂತ ಮಡಚಿಟ್ಟ ಶಾಲಿಗೇ ತೂತು ಬೀಳುತ್ತದೆ. ಒಗೆದು, ಪೂರ್ತಿ ಒಣಗಿಸಿ, ಗಟ್ಟಿಯಾಗಿ ಮುಚ್ಚುವ ಚೀಲದಲ್ಲಿಡಿ.