ಕವಚ ತೊಟ್ಟು ಆಡುವುದಕ್ಕೆ ಕಟಾನಾ ಒಳ್ಳೆಯದೋ, ಲಾಂಗ್‌ಸ್ವರ್ಡ್ ಒಳ್ಳೆಯದೋ? ಮೊದಲು ಗ್ಲೌಸ್ ತಗೊಳ್ಳಿ

ಎರಡು ವರ್ಷ ಕೆಂಡೋ, ಅಂದರೆ ಜಪಾನಿನ ಬಿದಿರು ಕತ್ತಿಯ ಆಟ, ಆಡಿದ್ದೀರಿ. ಓದಲು ಜರ್ಮನಿಗೆ ಬಂದಿದ್ದೀರಿ. ಹತ್ತಿರದಲ್ಲೇ ಉಕ್ಕಿನ ಕವಚ ತೊಟ್ಟು ಕತ್ತಿಯಾಡುವ ಗುಂಪೊಂದು ಸಿಕ್ಕಿದೆ. ಜಪಾನಿನ ಬಾಗಿದ ಕತ್ತಿ ಕಟಾನಾ ಕೊಳ್ಳಲೋ, ಯುರೋಪಿನ ಎರಡು ಕೈಯ ನೇರ ಕತ್ತಿ ಲಾಂಗ್‌ಸ್ವರ್ಡ್ ಕೊಳ್ಳಲೋ, ಎರಡರಲ್ಲಿ ಯಾವುದು ಗೆಲ್ಲುತ್ತದೆ ಎಂದು ಕೇಳಿದ್ದೀರಿ. ಓದುತ್ತಿದ್ದಂತೆ ನನ್ನ ಎಡಗೈ ಹೆಬ್ಬೆರಳು ಜುಮ್ಮೆಂದಿತು. ತಮಾಷೆಗೆ ಹೇಳುತ್ತಿಲ್ಲ.

2016ರಲ್ಲಿ ನಾನೂ ಹೀಗೇ ಇದ್ದೆ. ಊರು ಮೈಸೂರು. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾ ಮೂರು ವರ್ಷ ಕೆಂಡೋ ಆಡಿದ್ದೆ. ಆಮೇಲೆ ಎಂ.ಎಸ್. ಮಾಡಲು ಬವೇರಿಯಾಗೆ ಬಂದೆ. ಕಟಾನಾದಂಥ ಕತ್ತಿ ಭೂಮಿ ಮೇಲೆ ಇನ್ನೊಂದಿಲ್ಲ ಅನ್ನುವ ಹುಚ್ಚು ತಲೆಗೆ ಹತ್ತಿತ್ತು. ಸಾವಿರ ಸಲ ಮಡಚಿದ ಉಕ್ಕು ಅಂತೆಲ್ಲ ನಂಬಿದ್ದೆ. (ಹತ್ತು ಸಲ ಮಡಚಿದರೆ 1024 ಪದರ ಆಗುತ್ತದೆ, ಅಷ್ಟೇ ಲೆಕ್ಕ. ಎಂಜಿನಿಯರ್ ಆಗಿ ಇದು ನನಗೆ ಹೊಳೆಯಬೇಕಿತ್ತು.) ಯುರೋಪಿನವರದ್ದು ಐದಾರು ಕೆ.ಜಿ. ತೂಕದ ಸಲಾಕೆ, ಎತ್ತಿ ಬಡಿಯುವುದಕ್ಕೆ ಮಾತ್ರ ಅಂದುಕೊಂಡಿದ್ದೆ. ಮೊದಲ ದಿನ ಗುಂಪಿನವರ ಲಾಂಗ್‌ಸ್ವರ್ಡ್ ಒಂದನ್ನು ತಕ್ಕಡಿಗೆ ಹಾಕಿದರು. 1.4 ಕೆ.ಜಿ. ನಾನು ಆನ್‌ಲೈನಲ್ಲಿ ತರಿಸಿದ್ದ ಮೊಂಡ ಅಲಗಿನ ಕಟಾನಾ 1.2 ಕೆ.ಜಿ. ಅಷ್ಟಾದರೂ ಬುದ್ಧಿ ಬರಲಿಲ್ಲ.

ಮೊದಲ ಆಟದಲ್ಲಿ ಎದುರಿಗೆ ಬಂದವರು ಐವತ್ತು ದಾಟಿದ ಒಬ್ಬ ಬಡಗಿ. ಹೊಟ್ಟೆ ಸ್ವಲ್ಪ ಮುಂದಿತ್ತು. ನನಗೆ ಸುಲಭದ ತುತ್ತು ಅನ್ನಿಸಿತು. 'ಮೆನ್' (ಕೆಂಡೋದಲ್ಲಿ ತಲೆಯ ಏಟು) ಎಂದು ಕೂಗಿ ನೆತ್ತಿಗೇ ಹೊಡೆದೆ. ಟಣ್ ಅಂತು. ಅವರು ಅಲ್ಲಾಡಲಿಲ್ಲ. ಮುಂಗೈಗೆ ಹೊಡೆದೆ, ಪಕ್ಕೆಗೆ ಹೊಡೆದೆ. ಎಮ್ಮೆ ಮೇಲೆ ಮಳೆ ಸುರಿದ ಹಾಗಾಯಿತು. ಅಲ್ಲಿನ ನಿಯಮದಲ್ಲಿ ತಗಡಿನ ಮೇಲೆ ಬಿದ್ದ ಏಟಿಗೆ ಅಂಕವೇ ಇಲ್ಲ. ಕಂಕುಳು, ಮೊಣಕೈ ಒಳಭಾಗ, ಅಂಗೈ, ಶಿರಸ್ತ್ರಾಣದ ಕಣ್ಣಿನ ಸೀಳು, ಹೀಗೆ ಸಂದುಗಳಿಗೆ ಮೊನೆ ಇಟ್ಟರೆ ಅಂಕ. ಕೆಡವಿದರೆ ಅಂಕ. ಬಡಗಿಯವರು ತಮ್ಮ ಕತ್ತಿಯ ಅಲಗನ್ನೇ ಎಡಗೈಯಲ್ಲಿ ಹಿಡಿದು, ಗುದ್ದಲಿ ಹಿಡಿದು ತೋಟಕ್ಕೆ ಹೊರಟವರ ಹಾಗೆ ಆರಾಮಾಗಿ ನಡೆದು ಬಂದರು. ಹಿಡಿಕೆಯ ಮೇಲಿನ ಅಡ್ಡಪಟ್ಟಿಯನ್ನು ನನ್ನ ಮಂಡಿಯ ಹಿಂದೆ ಸಿಕ್ಕಿಸಿ ಎಳೆದರು. ನಾನು ಅಂಗಾತ ಬಿದ್ದೆ. ಕಣ್ಣಿನ ಸೀಳಿನ ಮುಂದೆ ರಬ್ಬರ್ ಕಠಾರಿ ಬಂತು. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್ ಆಗಿರಬೇಕು.

ಎಬ್ಬಿಸುತ್ತಾ ಅವರು ಕೇಳಿದರು: "ನಿಮ್ಮ ದೇಶದಲ್ಲಿ ಕುಸ್ತಿ ಇದೆಯಲ್ಲ, ಕಲಿಯಲಿಲ್ಲವಾ?"

ಮೈಸೂರಿನವನಿಗೆ ಈ ಮಾತು! ನನ್ನ ಸೋದರಮಾವ ಗರಡಿಗೆ ಹೋಗುತ್ತಿದ್ದರು. ಬೇಸಿಗೆ ರಜೆ ಬಂದಾಗಲೆಲ್ಲ ಕರೆಯುತ್ತಿದ್ದರು. ಮೈಯೆಲ್ಲ ಮಣ್ಣಾಗುತ್ತೆ ಅಂತ ನಾನು ತಪ್ಪಿಸಿಕೊಳ್ಳುತ್ತಿದ್ದೆ. ದಸರಾ ಕುಸ್ತಿಯನ್ನು ಕಡಲೆಕಾಯಿ ತಿನ್ನುತ್ತಾ ನೋಡಿದ್ದೇ ನನ್ನ ಅನುಭವ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ನನ್ನ ನಿಜವಾದ ತಪ್ಪು ಆಗಿದ್ದು ಎರಡು ತಿಂಗಳ ನಂತರ. ಅದು ಗ್ಲೌಸ್ ವಿಷಯ. ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಕವಚವನ್ನು ಗುಂಪಿನವರೇ ಕೊಟ್ಟಿದ್ದರು. ಕೈಗೆ ಮಾತ್ರ ನಮ್ಮದೇ ತರಬೇಕು. ನಾನು ಕತ್ತಿಗೆ 300 ಯೂರೋ ಸುರಿದಿದ್ದೆ. ಉಕ್ಕಿನ ಗ್ಲೌಸ್‌ಗೆ ಬಂದಾಗ ಹಳೆಯ ಜೊತೆಯೊಂದನ್ನು 90 ಯೂರೋಗೆ ತಂದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ. ನಾಲ್ಕು ಬೆರಳಿಗೂ ಸೇರಿ ಒಂದೇ ಚಿಪ್ಪು, ಹೆಬ್ಬೆರಳಿಗೆ ಬೇರೆ ತಗಡು, ಅದಕ್ಕೊಂದು ಸಣ್ಣ ಕೀಲು, ಇಂಥ ನಮೂನೆ. ಒಳಗೆ ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡು ಅಳತೆ ನೋಡಬೇಕು. ನಾನು ಬರಿಗೈ ಅಳತೆ ಕೊಟ್ಟಿದ್ದೆ. ಹಾಗಾಗಿ ಒಳಗೆ ತೆಳುವಾದದ್ದು ಮಾತ್ರ ಹಿಡಿಸುತ್ತಿತ್ತು. ಆದರೆ ಅದೂ ದೊಡ್ಡ ತಪ್ಪಲ್ಲ. ಹಳೆಯದು ತಂದದ್ದೂ ತಪ್ಪಲ್ಲ, ಆ ತಗಡು ಗಟ್ಟಿಯಾಗಿಯೇ ಇತ್ತು.

ತಪ್ಪು ಇಲ್ಲಿದೆ. ಕೆಂಡೋದಲ್ಲಿ 'ತೆನೊಉಚಿ' ಅಂತ ಹಿಡಿತದ ಪಾಠ ಹೇಳಿಕೊಡುತ್ತಾರೆ, ನಿಮಗೆ ಗೊತ್ತೇ ಇರುತ್ತದೆ. ಎಡಗೈ ಕಿರುಬೆರಳು ಹಿಡಿಕೆಯ ತುದಿಯಲ್ಲಿ, ಬಲಗೈ ತ್ಸುಬಾ (ಹಿಡಿಕೆಗೂ ಅಲಗಿಗೂ ನಡುವಿನ ಬಿಲ್ಲೆ) ಹತ್ತಿರ, ಏಟು ಬೀಳುವ ಗಳಿಗೆಯಲ್ಲಿ ಒದ್ದೆ ಬಟ್ಟೆ ಹಿಂಡಿದ ಹಾಗೆ ಬಿಗಿ. ಉಕ್ಕಿನ ಚಿಪ್ಪಿನೊಳಗೆ ಅದು ಸಿಗುತ್ತಿರಲಿಲ್ಲ. ಹಿಡಿಕೆಗೆ ಸುತ್ತಿದ ದಾರ ಬೆರಳಿಗೆ ತಾಕುತ್ತಿರಲಿಲ್ಲ. ಎರಡು ಚಿಪ್ಪೂ ಒಂದಕ್ಕೊಂದು ಒತ್ತುತ್ತಿದ್ದವು. ನಾನು ಸೋಲುತ್ತಿರುವುದು ಇದರಿಂದಲೇ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ಒಂದು ಶನಿವಾರ ಎಲ್ಲರ ಸಾಮಾನು ತಪಾಸಣೆ ಆಯಿತು, ನನ್ನದೂ ಆಯಿತು. ಆಮೇಲೆ ನೀರು ಕುಡಿಯುವ ನೆಪದಲ್ಲಿ ಪಕ್ಕಕ್ಕೆ ಹೋಗಿ, ಎಡಗೈ ಉಕ್ಕನ್ನು ಬಿಚ್ಚಿ ನನ್ನ ಕೆಂಡೋ ಕೋತೆ ಹಾಕಿಕೊಂಡೆ. ಇವತ್ತೊಂದು ದಿನ ಅಂತ. ಯಾರಿಗೂ ಹೇಳಲಿಲ್ಲ. ಕೋತೆ ಎಂದರೇನು? ಹತ್ತಿ ತುಂಬಿದ, ಅಂಗೈಗೆ ಚರ್ಮ ಹೊಲಿದ ಗ್ಲೌಸ್. ಬಿದಿರಿನ ಏಟಿಗೆ ಮಾಡಿದ್ದು. ಕೆಂಡೋದ ಕತ್ತಿ ಶಿನಾಯ್ ಅಂದರೆ ಅರ್ಧ ಕೆ.ಜಿ. ಬಿದಿರು. ಎದುರಿಗೆ ಇದ್ದದ್ದು 1.4 ಕೆ.ಜಿ. ಉಕ್ಕು.

ಅಷ್ಟೇ ಅಲ್ಲ. ಅಷ್ಟರಲ್ಲಿ ನಾನೂ ಅಲಗು ಹಿಡಿದು ಆಡುವುದನ್ನು ಕಲಿಯುತ್ತಿದ್ದೆ. ಅಂದರೆ ಆ ಎಡಗೈ ಹಿಡಿಕೆಯಲ್ಲಿ ಇರಲೇ ಇಲ್ಲ! ಅಲಗಿನ ನಡುಮಧ್ಯೆ ಇತ್ತು, ಹೆಬ್ಬೆರಳು ಕತ್ತಿಯ ಬೆನ್ನಿನ ಮೇಲೆ ಮೊನೆಯ ಕಡೆ ಚಾಚಿಕೊಂಡಿತ್ತು. ಯಾವ ಹಿಡಿಕೆಯ ಸ್ಪರ್ಶಕ್ಕಾಗಿ ಉಕ್ಕು ಬಿಚ್ಚಿದೆನೋ, ಆ ಹಿಡಿಕೆಯನ್ನು ಆ ಕೈ ಮುಟ್ಟಲೇ ಇಲ್ಲ. ಇದನ್ನು ನೆನೆದರೆ ಈಗಲೂ ನನ್ನ ತಲೆಗೆ ನಾನೇ ಒಂದು ಬಿಟ್ಟುಕೊಳ್ಳೋಣ ಅನ್ನಿಸುತ್ತದೆ. ಬಡಗಿಯವರ ಕತ್ತಿ ನನ್ನ ಕತ್ತಿಗೆ ಒತ್ತಿಕೊಂಡಿತು. ಅವರು ಎಂದಿನಂತೆ ಮುಂದೆ ಬಂದರು. ಅವರ ಅಡ್ಡಪಟ್ಟಿ ನನ್ನ ಅಲಗಿನ ಮೇಲೆ ಜಾರಿತು. ಮಧ್ಯೆ ನನ್ನ ಹೆಬ್ಬೆರಳು, ಗಾಣಕ್ಕೆ ಕೊಟ್ಟ ಕಬ್ಬಿನ ಹಾಗೆ.

ಬುಡದ ಮೂಳೆ ಮುರಿದಿತ್ತು. ಆರು ವಾರ ಪಟ್ಟಿ. ಥೀಸಿಸ್ ಒಂದೇ ಕೈಯಲ್ಲಿ ಟೈಪ್ ಮಾಡಿದೆ. ಕುಕ್ಕರ್ ಮುಚ್ಚಳ ತೆಗೆಯಲು ದಿನಾ ಪಕ್ಕದ ರೂಮಿನವನನ್ನು ಕರೆಯಬೇಕಾಗಿತ್ತು. ಬಡಗಿಯವರು ನನಗಿಂತ ಜಾಸ್ತಿ ನೊಂದುಕೊಂಡರು. ಕೋತೆ ನೋಡಿದ ಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಅದು ನ್ಯಾಯವೇ.

ಪಟ್ಟಿ ಕಟ್ಟಿಕೊಂಡು ಕೂತ ಆ ಆರು ವಾರದಲ್ಲಿ ಓದಿದ್ದು ಬೇಕಾದಷ್ಟು. ಮ್ಯೂನಿಕ್‌ನ ಬವೇರಿಯಾ ರಾಜ್ಯ ಗ್ರಂಥಾಲಯದಲ್ಲಿ ಜರ್ಮನಿಯ ಕತ್ತಿವರಸೆ ಗುರು ಹಾನ್ಸ್ ಟಾಲ್‌ಹೊಫರ್‌ನ 1467ರ ಸಚಿತ್ರ ಹಸ್ತಪ್ರತಿ ಇದೆ, ಪುಟಗಳು ಇಂಟರ್ನೆಟ್ಟಿನಲ್ಲೇ ಸಿಗುತ್ತವೆ. ಅಲಗನ್ನು ಎರಡೂ ಕೈಯಲ್ಲಿ ಹಿಡಿದು, ಕತ್ತಿಯನ್ನು ತಲೆಕೆಳಗು ಮಾಡಿ, ಹಿಡಿಕೆಯಿಂದ ಸುತ್ತಿಗೆಯಂತೆ ಬಡಿಯುವ ಚಿತ್ರ ನೋಡಿ. ಗಟ್ಟಿಯಾಗಿ ಹಿಡಿದ ಅಲಗು ಜಾರದಿದ್ದರೆ ಕೈ ಕೊಯ್ಯುವುದಿಲ್ಲ. ಇಟಲಿಯ ಕತ್ತಿವರಸೆ ಗುರು ಫಿಯೋರೆ ದೇಯ್ ಲಿಬೇರಿ 1410ರ ಆಸುಪಾಸಿನಲ್ಲಿ ಮಾಡಿಸಿದ ಹಸ್ತಪ್ರತಿ ಶುರುವಾಗುವುದೇ ಕುಸ್ತಿಯ ಪಟ್ಟುಗಳಿಂದ. ಆಮೇಲೆ ಕಠಾರಿ. ಆಮೇಲೆ ಕತ್ತಿ. ಕವಚದ ಕಾಳಗ ಅದಕ್ಕೂ ಮುಂದೆ. ನಾನು ಈ ಸಾಲನ್ನು ಬಾಲದ ಕಡೆಯಿಂದ ಹಿಡಿದಿದ್ದೆ.

ಜಪಾನಿನವರಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಅವರಲ್ಲೂ ಕವಚದವರ ಕತ್ತಿವರಸೆಯೇ ಬೇರೆ ಇತ್ತು, ಕೈಶಾ ಕೆನ್‌ಜುತ್ಸು ಎಂದು. ಸೊಂಟ ತಗ್ಗಿಸಿ ನಿಂತು ಕುತ್ತಿಗೆ, ಕಂಕುಳು, ಮಣಿಕಟ್ಟಿನ ಒಳಭಾಗ, ತೊಡೆಸಂದಿಗೆ ಗುರಿ ಇಡುವುದು. ಕೆಡವಿ ಮೇಲೆ ಕೂತು ಇರಿಯಲು ಯೊರೊಯ್‌ದೋಷಿ ಎಂಬ ದಪ್ಪ ಬೆನ್ನಿನ ಗಿಡ್ಡ ಕಠಾರಿ ಇತ್ತು. ಯುರೋಪಿನಲ್ಲಿ ಅದೇ ಕೆಲಸಕ್ಕೆ ರಾಂಡೆಲ್ ಕಠಾರಿ. ಯುದ್ಧದಲ್ಲಿ ಮೊದಲ ಆಯುಧ ಎರಡೂ ಕಡೆ ಕತ್ತಿಯಲ್ಲ. ಅಲ್ಲಿ ಬಿಲ್ಲು ಮತ್ತು ಈಟಿ, 1543ರಲ್ಲಿ ಪೋರ್ಚುಗೀಸರು ಬಂದ ಮೇಲೆ ಬಂದೂಕು. ಇಲ್ಲಿ ಈಟಿ, ಉದ್ದ ಹಿಡಿಕೆಯ ಕೊಡಲಿ. ಜಪಾನನ್ನು ಆಳಿದ ಶೋಗನ್ ತೊಕುಗಾವಾ ಇಯೆಯಾಸು ಯುರೋಪಿನ ನಮೂನೆಯ ಎದೆಗವಚವನ್ನೇ ಇಟ್ಟುಕೊಂಡಿದ್ದ, ಅದು ನಿಕ್ಕೋದ ತೋಷೋಗು ದೇಗುಲದಲ್ಲಿದೆ. ನಾವು ಕಲಿತ ಕೆಂಡೋದ ಬಿದಿರು ಕತ್ತಿ ಮತ್ತು ಮುಖಗವಚ ರೂಪ ಪಡೆದದ್ದು 18ನೇ ಶತಮಾನದಲ್ಲಿ, ಯುದ್ಧಗಳೆಲ್ಲ ಮುಗಿದ ಮೇಲೆ. ಅಂದರೆ ನಾನು ಕವಚದ ಕಣಕ್ಕೆ ತಂದದ್ದು ಕವಚವಿಲ್ಲದವರ ವಿದ್ಯೆ. ಅದಕ್ಕೆ ಕಟಾನಾ ಏನು ಮಾಡೀತು, ಪಾಪ.

ಈಗ ನಿಮ್ಮ ಪ್ರಶ್ನೆ. ನೀವು ಕೇಳಿರುವುದೇ ತಪ್ಪು ಪ್ರಶ್ನೆ ಅನ್ನುತ್ತೇನೆ, ಸಿಟ್ಟಾಗಬೇಡಿ. ಕವಚದ ಆಟದಲ್ಲಿ ಕತ್ತಿ ಕತ್ತರಿಸುವ ಸಾಮಾನಲ್ಲ. ಗಿಡ್ಡ ಈಟಿ, ಮೀಟುಗೋಲು, ಕೊಕ್ಕೆ, ಸುತ್ತಿಗೆ, ಎಲ್ಲ ಅದೇ. ಹಾಗೆ ನೋಡಿದರೆ ಲಾಂಗ್‌ಸ್ವರ್ಡ್ ಮುಂದು, ಇದರಲ್ಲಿ ನನಗೆ ಅನುಮಾನವೇ ಇಲ್ಲ. ನೇರ ಅಲಗು, ತಳ್ಳಿದ ಬಲ ಸೀದಾ ಮೊನೆಗೆ ಹೋಗುತ್ತದೆ. ಅಡ್ಡಪಟ್ಟಿ ಸಿಕ್ಕಿಸಲೂ ಆಗುತ್ತದೆ, ಕೈ ಕಾಯಲೂ ಆಗುತ್ತದೆ. ಹಿಡಿಕೆಯ ತುದಿಯ ಗುಂಡು ಬಡಿಯಲು ಆಗುತ್ತದೆ. ಕಟಾನಾದ ತ್ಸುಬಾ ಏಳೆಂಟು ಸೆಂಟಿಮೀಟರ್ ಅಗಲದ ಬಿಲ್ಲೆ, ಅದರಿಂದ ಯಾರ ಮಂಡಿಯನ್ನೂ ಎಳೆಯಲಾಗದು. ಅಲಗು 70 ಸೆಂಟಿಮೀಟರ್ ಆಸುಪಾಸು, ಸ್ವಲ್ಪ ಗಿಡ್ಡ. ಒಂದು ಅನುಕೂಲ ಮಾತ್ರ ಒಪ್ಪಿಕೊಳ್ಳಬೇಕು: ಬೆನ್ನಿಗೆ ಹರಿತ ಇಲ್ಲ, ಕೈ ಊರಲು ಹಿತ. ನನ್ನ ಹೆಬ್ಬೆರಳು ಊರಿದ್ದೂ ಅಲ್ಲೇ ಅನ್ನಿ.

ಆದರೆ ಕತ್ತಿ ಈಗಲೇ ಕೊಳ್ಳಬೇಡಿ. ಗುಂಪಿನಲ್ಲಿ ಒಂದು ಸಿಕ್ಕೇ ಸಿಗುತ್ತದೆ. ಮೊದಲ ಆರು ತಿಂಗಳು ಜೂಡೋಗೋ ಕುಸ್ತಿಗೋ ಸೇರಿ, ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದಲ್ಲಿ ಕಡಿಮೆ ದುಡ್ಡಿಗೆ ಇರುತ್ತದೆ. 20 ಕೆ.ಜಿ. ಕವಚ ಹೊತ್ತು ಬಿದ್ದು ಏಳುವುದನ್ನು ಕಲಿಯಿರಿ. ಇನ್ನೊಂದು, ಆ ಗುಂಪು 'ಬುಹುರ್ತ್' ಆಡುವವರದ್ದಾ ಅಂತ ಕೇಳಿಕೊಳ್ಳಿ. ಅಲ್ಲಿ ಇರಿಯುವುದು ನಿಷಿದ್ಧ, ಮೊಂಡ ಆಯುಧದಲ್ಲಿ ಬಡಿದು ಬೀಳಿಸುವ ಆಟ. ಹಾಗಿದ್ದರೆ ನಾನು ಮೊನೆಯ ಬಗ್ಗೆ ಹೇಳಿದ್ದೆಲ್ಲ ಬಿಟ್ಟುಬಿಡಿ. ಗ್ಲೌಸ್ ಬಗ್ಗೆ ಹೇಳಿದ್ದನ್ನು ಬಿಡಬೇಡಿ.

ನನ್ನ ಕಟಾನಾ ಈಗಲೂ ಇದೆ, ಬೀರುವಿನ ಮೇಲೆ. ಬೇಕಾದರೆ ಬಂದು ಹಿಡಿದು ನೋಡಿ. ಉಕ್ಕಿನ ಗ್ಲೌಸ್ ಹೊಸದು ಮಾಡಿಸಿದೆ, ಅದಕ್ಕೆ 380 ಯೂರೋ ಆಯಿತು. ನೀವು ಅಳತೆ ಕೊಡುವಾಗ ಒಳಗಿನ ಚರ್ಮದ ಗ್ಲೌಸ್ ಹಾಕಿಕೊಂಡೇ ಕೊಡಿ. ಮುಷ್ಟಿ ಬಿಗಿದು ಒಂದು ಸಲ, ಬಿಡಿಸಿ ಒಂದು ಸಲ. ಹೆಬ್ಬೆರಳಿನ ಬುಡದ ಸುತ್ತಳತೆಯನ್ನು ಬಹಳ ಜನ ಬರೆಯುವುದಿಲ್ಲ, ಅದನ್ನು ಬೇರೆಯಾಗಿ ಬರೆದು ಕಳಿಸಿ.