ಕಾರ್ಡ್ ನಂಬರ್ ನಿಮ್ಮ ಸರ್ವರ್‌ಗೆ ಯಾಕೆ ಬೇಕು?

ಪ್ರಶ್ನೆ: ಪುಣೆಯ ಕೋಥ್ರೂಡ್‌ನಲ್ಲಿ ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಕೊರಿಯರ್‌ನಲ್ಲಿ ಕಳಿಸುತ್ತೇವೆ. ವೆಬ್‌ಸೈಟ್ ಮಾಡಿಕೊಟ್ಟವನು ನನ್ನ ತಂಗಿ ಮಗ, ಇಂಜಿನಿಯರಿಂಗ್ ಕೊನೇ ವರ್ಷ. ದುಡ್ಡು ಕಟ್ಟಲು ಗಿರಾಕಿ ಗೇಟ್‌ವೇ (ನಮ್ಮ ಪರವಾಗಿ ಪೇಮೆಂಟ್ ತಗೊಳ್ಳುವ ಕಂಪನಿ) ಪುಟಕ್ಕೆ ಹೋಗಿ ವಾಪಸ್ ಬರಬೇಕು. ಕೆಲವರು ವಾಪಸ್ ಬರೋದೇ ಇಲ್ಲ. ಅವರ ಖಾತೆಯಲ್ಲಿ ದುಡ್ಡು ಕಟ್ ಆಗಿರುತ್ತೆ, ನಮ್ಮಲ್ಲಿ ಮಾತ್ರ ಆರ್ಡರ್ ‘ಪೆಂಡಿಂಗ್’. ಕಾರ್ಡ್ ನಂಬರನ್ನು ನಮ್ಮ ಪುಟದಲ್ಲೇ ತಗೊಂಡು ಸರ್ವರ್‌ನಿಂದ ಸರ್ವರ್‌ಗೆ ನೇರ ಕಳಿಸಿದರೆ ಈ ರಗಳೆ ಇರಲ್ಲ ಅಂತಾನೆ ಹುಡುಗ. ಮಾಡಿಸಲೇ?

ಉತ್ತರ: ಬೇಡ. ಹುಡುಗ ಜಾಣ, ಆದರೆ ನೋವು ಹಲ್ಲಿನದು, ಅವನು ಔಷಧಿ ಹಚ್ಚಲು ಹೊರಟಿರೋದು ಮಂಡಿಗೆ.

ಅವನು ಹೇಳಿದ ದಾರಿಯಲ್ಲಿ ಕಾರ್ಡ್ ನಂಬರ್, ಎಕ್ಸ್‌ಪೈರಿ, ಸಿವಿವಿ ಮೂರೂ ಮೊದಲು ನಿಮ್ಮ ಸರ್ವರ್‌ಗೆ ಬರುತ್ತವೆ, ಅದು ಗೇಟ್‌ವೇಗೆ ದಾಟಿಸುತ್ತೆ. ಅರೆಕ್ಷಣ ಹಾದು ಹೋದರೂ ಸರಿ, ಕಾರ್ಡ್ ಭದ್ರತೆಯ ಪಿಸಿಐ ಡಿಎಸ್ಎಸ್ ನಿಯಮಗಳ 12 ಬಾಬತ್ತೂ ನಿಮ್ಮ ತಲೆಗೆ ಬೀಳುತ್ತವೆ. ಗಿರಾಕಿಯನ್ನು ಗೇಟ್‌ವೇ ಪುಟಕ್ಕೇ ಕಳಿಸುವ ಚಿಕ್ಕ ಅಂಗಡಿಗೆ ಸಾಮಾನ್ಯವಾಗಿ, ನಿಯಮ ಪಾಲಿಸುತ್ತಿದ್ದೇವೆ ಅಂತ ತಾವೇ ತುಂಬಿಕೊಡುವ ‘ಎ’ ಅನ್ನೋ ಚಿಕ್ಕ ಪ್ರಶ್ನಾವಳಿ ಸಾಕು. ನಂಬರ್ ನಿಮ್ಮ ಸರ್ವರ್ ಮುಟ್ಟಿತು ಅಂದರೆ ‘ಡಿ’, ಅಂದರೆ ನೂರಾರು ಪ್ರಶ್ನೆ. ರೊಟ್ಟಿ ಬಡಿಯೋರು ಯಾರು, ಅದನ್ನು ತುಂಬೋರು ಯಾರು?

ಕಾಗದದ ಕೆಲಸ ಬಿಡಿ, ನನಗೆ ಹೆದರಿಕೆ ಇರೋದು ಲಾಗ್ ಫೈಲ್‌ಗಳದ್ದು, ಅಂದರೆ ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ದಿನಚರಿಯದ್ದು. ಒಂದು ಚಿಕ್ಕ ಕಂಪನಿಯಲ್ಲಿ ಸರ್ವರ್ ಯಾಕೆ ನಿಧಾನ ಅಂತ ನೋಡಲು ಲಾಗ್ ತೆರೆದೆ. ಸಾಲು ಸಾಲಾಗಿ 16 ಅಂಕಿ, ಪಕ್ಕದಲ್ಲೇ ಸಿವಿವಿ. ಯಾರೂ ಬೇಕಂತ ಇಟ್ಟಿದ್ದಲ್ಲ. ಯಾರೋ ಒಂದಿನ ತಪ್ಪು ಹುಡುಕಲು ಒಂದು ಸಾಲು ಕೋಡ್ ಸೇರಿಸಿದ್ದರು, ತೆಗೆಯೋದು ಮರೆತಿದ್ದರು, ಅಷ್ಟೇ. ಪೇಮೆಂಟ್ ಮುಗಿದ ಮೇಲೆ ಸಿವಿವಿಯನ್ನು ಎಲ್ಲೂ ಇಟ್ಟುಕೊಳ್ಳುವಂತಿಲ್ಲ. ನಂಬರ್ ವಿಷಯಕ್ಕೂ ರಿಸರ್ವ್ ಬ್ಯಾಂಕಿನ ನಿಯಮ ಇದೆ: 2022ರ ಅಕ್ಟೋಬರ್ 1ರಿಂದ ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ಕಾರ್ಡ್ ನೆಟ್‌ವರ್ಕ್ (ರುಪೇ, ವೀಸಾ ತರಹದ್ದು) ಬಿಟ್ಟು ಬೇರೆ ಯಾರೂ ಅದನ್ನು ಉಳಿಸಿಕೊಳ್ಳುವಂತಿಲ್ಲ. ಲೆಕ್ಕ ತಾಳೆ ನೋಡಲು ಕೊನೆಯ 4 ಅಂಕಿ, ಬ್ಯಾಂಕಿನ ಹೆಸರು, ಇಷ್ಟಕ್ಕೆ ಮಾತ್ರ ಅವಕಾಶ.

ಇಷ್ಟೆಲ್ಲ ಮಾಡಿದರೂ ನಿಮ್ಮ ರಗಳೆ ಹೋಗಲ್ಲ ನೋಡಿ. ನಮ್ಮಲ್ಲಿ ಆನ್‌ಲೈನ್ ಕಾರ್ಡ್ ಪೇಮೆಂಟ್‌ಗೆ ಎರಡನೇ ಪರಿಶೀಲನೆ 2009ರಿಂದಲೇ ಕಡ್ಡಾಯ. ಹಾಗಾಗಿ ಒಟಿಪಿಗೆ ಗಿರಾಕಿ ಹೆಚ್ಚಾಗಿ ಬ್ಯಾಂಕಿನ ಪುಟಕ್ಕೆ ಹೋಗಲೇಬೇಕು. ಮುಂಬೈಯಿಂದ ಪುಣೆಗೆ ರೈಲಲ್ಲಿ ಬರುವವರು ಒಟಿಪಿ ಹಾಕಿ ಒತ್ತಿದರು, ಗಾಡಿ ಖಂಡಾಳದ ಸುರಂಗ ಹೊಕ್ಕಿತು, ನೆಟ್‌ವರ್ಕ್ ಹೋಯಿತು. ಬ್ಯಾಂಕಲ್ಲಿ ಕೆಲಸ ಮುಗಿದಿದೆ, ನಿಮ್ಮ ಪುಟಕ್ಕೆ ಗೊತ್ತೇ ಇಲ್ಲ. ಗಿರಾಕಿಯ ಫೋನ್ ವಾಪಸ್ ಬಂದು ‘ಆಯ್ತು’ ಅಂತ ಹೇಳಲಿ ಅಂತ ಕಾಯುತ್ತಾ ಕೂತಿದ್ದೀರಲ್ಲ, ತಪ್ಪಿರೋದು ಅಲ್ಲಿ.

ಸರ್ವರ್‌ನಿಂದ ಸರ್ವರ್‌ಗೆ ಮಾತು ಬೇಕು, ಖಂಡಿತ ಬೇಕು, ಕಾರ್ಡ್ ನಂಬರ್ ಮಾತ್ರ ಅದರಲ್ಲಿ ಬೇಡ. ಮೊದಲು ನಿಮ್ಮ ಸರ್ವರ್ ಗೇಟ್‌ವೇಗೆ ಹೇಳಿ ಆರ್ಡರ್ ತೆರೆಯಲಿ. ಬೆಲೆಯನ್ನು ಬ್ರೌಸರ್ ಕಳಿಸಿದ್ದರಿಂದ ತಗೋಬೇಡಿ, ನಿಮ್ಮ ಡೇಟಾಬೇಸ್‌ನಿಂದಲೇ ತಗೊಳ್ಳಿ. ಎಷ್ಟೋ ಗೇಟ್‌ವೇಗಳು ಮೊತ್ತವನ್ನು ಪೈಸೆಯಲ್ಲಿ ಕೇಳುತ್ತವೆ, ₹340 ಅಂದರೆ 34000. ಆಮೇಲೆ ವೆಬ್‌ಹುಕ್ ಹಾಕಿಸಿ. ಪೇಮೆಂಟ್ ಆದ ಸುದ್ದಿಯನ್ನು ಗೇಟ್‌ವೇ ನೇರವಾಗಿ ನಿಮ್ಮ ಸರ್ವರ್‌ಗೆ ಮುಟ್ಟಿಸುತ್ತೆ, ಗಿರಾಕಿ ಸುರಂಗದಲ್ಲಿದ್ದರೂ ಸರಿ.

ಹುಡುಗನಿಗೆ ಒಂದು ಮಾತು. ಆ ಸುದ್ದಿಯ ಜೊತೆ ಒಂದು ಸಹಿ ಬರುತ್ತೆ, ಅಂದರೆ ಸುದ್ದಿಗೆ ನಿಮಗೂ ಗೇಟ್‌ವೇಗೂ ಮಾತ್ರ ಗೊತ್ತಿರುವ ಗುಟ್ಟಿನ ಪದ ಸೇರಿಸಿ ಲೆಕ್ಕ ಹಾಕಿದ ಒಂದು ಗುರುತು, ಸಾಮಾನ್ಯವಾಗಿ ಎಚ್‌ಮ್ಯಾಕ್ ಶಾ-256 ಅನ್ನೋ ವಿಧಾನದ್ದು. ಅದನ್ನು ತಾಳೆ ನೋಡದೆ ಯಾವ ಆರ್ಡರನ್ನೂ ‘ಪೇಯ್ಡ್’ ಮಾಡಬೇಡಪ್ಪಾ, ಆ ವಿಳಾಸ ಗೊತ್ತಿದ್ದ ಯಾರು ಬೇಕಾದರೂ ಸುಳ್ಳು ಸುದ್ದಿ ಕಳಿಸಬಹುದು. ತಾಳೆ ನೋಡುವಾಗ ಬಂದ ಜೇಸನ್ (ಸುದ್ದಿಯ ಮೂಲ ಬರಹ) ಹೇಗಿದೆಯೋ ಹಾಗೇ ಇಟ್ಟುಕೋ. ಬಿಚ್ಚಿ ಮತ್ತೆ ಕಟ್ಟಿದರೆ ಒಂದು ಸ್ಪೇಸ್ ಆಚೀಚೆ ಆಗಿ ಸಹಿ ಕೂಡಲ್ಲ. ನಾನು ಇದಕ್ಕೇ ಒಂದು ಭಾನುವಾರ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ. ವೆಬ್‌ಹುಕ್ಕೂ ಒಮ್ಮೊಮ್ಮೆ ತಪ್ಪುತ್ತೆ, ಆದ್ದರಿಂದ ಹದಿನೈದು ನಿಮಿಷಕ್ಕೊಮ್ಮೆ ಪೆಂಡಿಂಗ್ ಆರ್ಡರ್‌ಗಳನ್ನೆಲ್ಲ ಹಿಡಿದು ‘ಇದರ ಕತೆ ಏನಾಯ್ತು’ ಅಂತ ಗೇಟ್‌ವೇಯನ್ನು ಕೇಳುವ, ತಾನಾಗಿ ಓಡುವ ಒಂದು ಪ್ರೋಗ್ರಾಂ ಬರೆದಿಡು.

ಪ್ರಶ್ನೆ: ಡೊಂಬಿವ್ಲಿಯಲ್ಲಿ ನಮ್ಮದು ಉಪ್ಪಿನಕಾಯಿ ವ್ಯಾಪಾರ. ವೆಬ್‌ಹುಕ್ ಹಾಕಿಸಿದ ಮೇಲೆ ಒಮ್ಮೊಮ್ಮೆ ಒಂದೇ ಪೇಮೆಂಟ್‌ಗೆ ಎರಡು ಪಾರ್ಸೆಲ್ ಹೋಗುತ್ತಿದೆ. ಗೇಟ್‌ವೇಯ ತಪ್ಪೇ?

ಉತ್ತರ: ಅಲ್ಲ, ನಿಮ್ಮದೇ. ನಿಮ್ಮ ಸರ್ವರ್ ಬೇಗ 200 (‘ಮುಟ್ಟಿತು’ ಅನ್ನೋ ಸಂಕೇತ) ಅಂತ ಉತ್ತರ ಕೊಡದಿದ್ದರೆ ಸುದ್ದಿ ಮುಟ್ಟಿಲ್ಲ ಅಂದುಕೊಂಡು ಗೇಟ್‌ವೇ ಮತ್ತೆ ಕಳಿಸುತ್ತೆ. ನಿಮ್ಮ ಕೋಡ್ ಬಹುಶಃ ಇನ್‌ವಾಯ್ಸ್ ಮಾಡಿ, ಇಮೇಲ್ ಕಳಿಸಿ, ಕೊರಿಯರ್‌ಗೆ ಬುಕ್ ಮಾಡಿ ಆಮೇಲೆ ನಿಧಾನಕ್ಕೆ 200 ಅನ್ನುತ್ತಿರಬೇಕು. ಮೊದಲು ಸುದ್ದಿ ಬರೆದಿಟ್ಟುಕೊಂಡು ಉತ್ತರ ಕೊಡಿ, ಮಿಕ್ಕಿದ್ದು ಆಮೇಲೆ. ಡೇಟಾಬೇಸ್‌ನಲ್ಲಿ ಪೇಮೆಂಟ್ ಐಡಿ ಕಾಲಂಗೆ ಯುನೀಕ್ ಅಂತ ಹಾಕಿ, ಅದೇ ಐಡಿ ಎರಡನೇ ಸಲ ಬಂದರೆ ಒಳಗೇ ಹೋಗಲ್ಲ. ‘ಇದೆಯಾ ನೋಡು, ಇಲ್ಲದಿದ್ದರೆ ಸೇರಿಸು’ ಅಂತ ಕೋಡ್‌ನಲ್ಲಿ ಬರೆದರೆ ಸಾಲದು. ಎರಡು ಸುದ್ದಿ ಒಟ್ಟಿಗೆ ಬಂದರೆ ಎರಡೂ ‘ಇಲ್ಲ’ ಅಂತಲೇ ಕಾಣುತ್ತವೆ. ಒಂದು ಚೌತಿಯಲ್ಲಿ ನಾನು ಬರೆದ ಕೋಡಿನಿಂದ ವಿಲೇಪಾರ್ಲೆಯ ಒಂದೇ ಮನೆಗೆ ಎರಡು ಡಬ್ಬಿ ಮೋದಕ ಹೋಗಿತ್ತು. ಪುಣ್ಯಕ್ಕೆ ಆ ಮನೆಯಾಕೆ ತಾವೇ ಫೋನ್ ಮಾಡಿ ಹೇಳಿದರು.

ಪ್ರಶ್ನೆ: ಗಿರಾಕಿಯ ಕಾರ್ಡಿನಿಂದ ದುಡ್ಡು ಹೋಗಿದೆ, ನಮಗೆ ಪೇಮೆಂಟ್ ಆದ ಸುದ್ದಿಯೇ ಬಂದಿಲ್ಲ. ನಾವೇ ವಾಪಸ್ ಕೊಡಬೇಕಾ? (ಮಡಗಾಂವ್, ಗೋವಾ)

ಉತ್ತರ: ಕೈಯಿಂದ ಕೊಡಬೇಡಿ. ಮೊದಲು ಗೇಟ್‌ವೇ ಡ್ಯಾಶ್‌ಬೋರ್ಡ್‌ನಲ್ಲಿ ಆ ಆರ್ಡರ್ ಹುಡುಕಿ. ‘ಕ್ಯಾಪ್ಚರ್ಡ್’ ಅಂತಿದ್ದರೆ ದುಡ್ಡು ನಿಮ್ಮ ಲೆಕ್ಕಕ್ಕೆ ಬಂದಿದೆ, ಸಾಮಾನು ಕಳಿಸಿ, ಇಲ್ಲವೇ ಅಲ್ಲಿಂದಲೇ ರಿಫಂಡ್ ಮಾಡಿ. ‘ಫೇಲ್ಡ್’ ಅಂತಿದ್ದರೆ ರಿಸರ್ವ್ ಬ್ಯಾಂಕಿನ 2019ರ ನಿಯಮದ ಪ್ರಕಾರ ವ್ಯವಹಾರದ ದಿನ ಬಿಟ್ಟು 5 ದಿನದೊಳಗೆ ದುಡ್ಡು ತಾನಾಗಿ ಗಿರಾಕಿಗೆ ವಾಪಸ್ ಹೋಗಬೇಕು. ತಡವಾದರೆ ದಿನಕ್ಕೆ ₹100 ಪರಿಹಾರ, ಅದು ನಿಮ್ಮ ಗಲ್ಲಾದಿಂದ ಅಲ್ಲ. ಗಿರಾಕಿಗೆ ವ್ಯವಹಾರದ ನಂಬರ್ ಕೊಟ್ಟು ಅವರ ಬ್ಯಾಂಕಿಗೆ ದೂರು ಕೊಡಲು ಹೇಳಿ. ಫೋನಲ್ಲಿ ಅವರು ಕಾರ್ಡಿನ ಪೂರ್ತಿ ನಂಬರ್ ಓದಿ ಹೇಳಲು ಶುರು ಮಾಡುತ್ತಾರೆ, ಅಲ್ಲೇ ತಡೆಯಿರಿ.