ಎಳ್ಳು ಬೀರಿದರೆ ವಿಶ್ವಾಸ ಕೆಡುತ್ತಾ?

ನೀವು ಮಂಡ್ಯಕ್ಕೆ ಸೊಸೆಯಾಗಿ ಬಂದ ಕ್ಯಾಥೊಲಿಕ್ ಹೆಣ್ಣುಮಗಳು. ಮಗಳು ಸಂಕ್ರಾಂತಿಗೆ ರಂಗೋಲಿ ಹಾಕಿ, ಬೀದಿಯಲ್ಲೆಲ್ಲ ಎಳ್ಳು ಬೀರಬೇಕು ಅಂತಿದ್ದಾಳೆ. ಅತ್ತೆ ಮಾತ್ರ 'ಅದು ನಮ್ಮ ಪದ್ಧತಿ ಅಲ್ಲ' ಅಂತ ಪಟ್ಟು ಹಿಡಿದಿದ್ದಾರೆ. ಯಾರ ಮಾತು ಕೇಳೋದು ಅನ್ನೋದು ನಿಮ್ಮ ಪ್ರಶ್ನೆ, ಅಲ್ವಾ? ನಾನು ಮೈಸೂರಿನವನು. ನಮ್ಮ ಮನೆಯಲ್ಲೂ ಇದೇ ಜಗಳ ಆಗಿದೆ.

ಮೊದಲು ನಿಮ್ಮತ್ತೆಯವರ ಕೊರಳು ನೋಡಿ. ಬಹುಶಃ ತಾಳಿ ಇರುತ್ತೆ, ಅದರಲ್ಲಿ ಪುಟ್ಟ ಶಿಲುಬೆ. ನಮ್ಮಮ್ಮನದೂ ಹಾಗೇ. ಸ್ನಾನಕ್ಕೆ ಹೋದರೂ ತೆಗೆಯಲ್ಲ, ಶಿಲುಬೆಯ ತುದಿಗಳು ಸವೆದು ಗುಂಡಗಾಗಿವೆ. ಮದುವೆ ದಿನ ಚರ್ಚಿನ ಸ್ವಾಮಿಗಳೇ, ಅಂದರೆ ಪಾದ್ರಿಗಳೇ, ಆಶೀರ್ವದಿಸಿ ಕೊಟ್ಟ ತಾಳಿ ಅದು. ಬೈಬಲ್‌ನಲ್ಲಿ ತಾಳಿ ಎಲ್ಲಿದೆ ಹೇಳಿ? ಇಲ್ಲಿಂದಲೇ ಬಂತು, ನಮ್ಮದಾಯಿತು.

ನಮ್ಮಜ್ಜಿ ಕಾಲದಲ್ಲಿ ಚರ್ಚಿನ ಪೂಜೆ ಲ್ಯಾಟಿನ್‌ನಲ್ಲಿ ನಡೆಯುತ್ತಿತ್ತು. 1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ (ಕ್ಯಾಥೊಲಿಕ್ ಬಿಷಪರೆಲ್ಲ ಸೇರಿದ್ದ ಸಭೆ) ಆದ ಮೇಲೆ ಕನ್ನಡಕ್ಕೆ ಬಂತು. ಅಜ್ಜಿಗೆ ಸೇರಲೇ ಇಲ್ಲವಂತೆ. 'ಎಲ್ಲಾ ಅರ್ಥ ಆಗಿಬಿಟ್ಟರೆ ಅದೇನು ಪೂಜೆ?' ಅಂತಿದ್ದರಂತೆ. ಅದೇ ಕನ್ನಡ ಪೂಜೆಯನ್ನು ಇವತ್ತು ಅಮ್ಮ 'ನಮ್ಮ ಹಳೇ ಪದ್ಧತಿ' ಅಂತಾರೆ!

ನಿಮ್ಮ ಪಕ್ಕದ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ನಂತರ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ದುಬೋಯ್ ಮಾಂಸ ಬಿಟ್ಟು, ಪೇಟ ಸುತ್ತಿ, ಇಲ್ಲಿಯವರ ಹಾಗೇ ಬದುಕಿದರು. (1823ರಲ್ಲಿ ನಿರಾಶರಾಗಿ ಊರಿಗೆ ಮರಳಿದರು, ಆ ಕಥೆ ಬೇರೆ.) ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿನದು ಇನ್ನೂ ತಮಾಷೆ. 1933ರಲ್ಲಿ ಅಡಿಗಲ್ಲು ಹಾಕಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್. 1961ರಲ್ಲಿ ರೋಮ್‌ನವರು ಆ ಸಂತಳ ಹಬ್ಬವನ್ನೇ ಪಂಚಾಂಗದಿಂದ ತೆಗೆದರು. ಮೈಸೂರಿನವರು ಕೇಳಬೇಕಲ್ಲ? ಜನ ಈಗಲೂ ನೆಲಮಾಳಿಗೆಗೆ ಇಳಿದು ಅವಳ ಪ್ರತಿಮೆ ಮುಂದೆ ನಿಲ್ಲುತ್ತಾರೆ.

ಹಾಗಾಗಿ ರಂಗೋಲಿ, ಎಳ್ಳುಬೆಲ್ಲಕ್ಕೆ ನನ್ನ ಅಡ್ಡಿಯಿಲ್ಲ. ಸುಗ್ಗಿ ಹಬ್ಬ, ಮಗು ಬೀರಲಿ.

ಪಕ್ಕದ ಮನೆಯವರು ಪ್ರಸಾದ ಕೊಟ್ಟರೆ? ಇಲ್ಲಿ ನಾನು ಸ್ವಲ್ಪ ನಿಮ್ಮತ್ತೆ ಕಡೆ. ವಿಗ್ರಹಕ್ಕೆ ಇಟ್ಟ ಊಟದ ಬಗ್ಗೆ ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲೇ ಇದೆ. ತಿಂದರೆ ನಷ್ಟವಿಲ್ಲ, ಆದರೆ ನೀನು ತಿನ್ನೋದರಿಂದ ಇನ್ನೊಬ್ಬರ ವಿಶ್ವಾಸ ಕದಡುವಂತಿದ್ದರೆ ಬಿಡು ಅಂತಾರೆ. ಮನೆಯಲ್ಲಿ ಒಬ್ಬರಿಗೆ ನೋವಾಗುತ್ತೆ ಅಂದರೆ ಹಟ ಬೇಡ. ಕೈಮುಗಿದು ತಗೊಳ್ಳಿ, ಅತ್ತೆಗೆ ತಿನ್ನಿ ಅಂತ ಬಲವಂತ ಮಾಡಬೇಡಿ.

ನನ್ನ ತಪ್ಪೂ ಹೇಳಿಬಿಡ್ತೀನಿ. ನಮ್ಮ ಮನೆಯಲ್ಲಿ ಕಳೆದುಹೋಗಿದ್ದು ಎಳ್ಳು ಬೀರಿದ್ದರಿಂದ ಅಲ್ಲ. ಸಂಜೆ ಏಳಕ್ಕೆ ಎಲ್ಲರೂ ಚಾಪೆ ಮೇಲೆ ಕೂತು ಜಪಸರ (ರೋಸರಿ ಪ್ರಾರ್ಥನೆ) ಹೇಳುತ್ತಿದ್ದೆವು. ನಾನು ಆಫೀಸಿನ ಫೋನು ಹಿಡಿದು ಹೊರಗೆ ಹೋಗೋದು ಶುರುವಾದ ಮೇಲೆ ಮಕ್ಕಳೂ ಒಬ್ಬೊಬ್ಬರೇ ಎದ್ದರು. ಅಮ್ಮ ಒಬ್ಬರೇ ಹೇಳಿ ಮುಗಿಸೋರು, ಒಂದು ಮಾತೂ ಅನ್ನಲಿಲ್ಲ. ಈಗ ವಾರಕ್ಕೆ ಮೂರು ದಿನ ಮತ್ತೆ ಕೂರ್ತೀವಿ.

ಕಳೆದ ಸಂಕ್ರಾಂತಿಗೆ ನನ್ನ ಮಗಳೂ ತಟ್ಟೆ ಹಿಡಿದು ಹೊರಟಳು. ಅಮ್ಮ ಮುಖ ತಿರುಗಿಸಿಕೊಂಡೇ ಇದ್ದರು. ಎಳ್ಳು ಅವರ ಹಲ್ಲಿಗೆ ಆಗಲ್ಲ ಅಂತ ಮಗಳು ಸಕ್ಕರೆ ಅಚ್ಚಿನ ಗಿಳಿಯೊಂದನ್ನು ಕೈಗಿಟ್ಟಳು. ರಾತ್ರಿ ನೋಡಿದರೆ ಗಿಳಿಯ ತಲೆ ಇರಲಿಲ್ಲ.